ಹಳೇ ಫ್ರಾಕಿಗೆ ಕಾಡಿನ ಬಣ್ಣ: ಒಂದು ಮೋರಿ ಗರ್ಲ್ ಉಡುಪಿನ ದುರಸ್ತಿ ದಿನಚರಿ

ಸೆಪ್ಟೆಂಬರ್ 28, ಭಾನುವಾರ

ಟೋಕಿಯೊದ ಕೋಎಂಜಿ ಸ್ಟೇಷನ್ನಿನ ದಕ್ಷಿಣಕ್ಕಿರುವ ಗಲ್ಲಿಗಳಲ್ಲಿ ಹಳೇ ಬಟ್ಟೆಯ ಅಂಗಡಿಗಳು ಒಂದರ ಮಗ್ಗುಲಿಗೆ ಒಂದು. ಅಂಥದ್ದೊಂದರ ಬಾಗಿಲಲ್ಲಿ ಹರಿದ ಬಟ್ಟೆ, ಕಲೆಯಾದ ಬಟ್ಟೆ ತುಂಬಿದ ಬುಟ್ಟಿ ಇಟ್ಟಿದ್ದರು. ಅದರ ತಳದಲ್ಲಿ ಇದು ಸಿಕ್ಕಿತು: ಮೊಣಕಾಲು ದಾಟಿ ಇಳಿಯುವ ಉದ್ದ ತೋಳಿನ ಫ್ರಾಕು, ಜಪಾನಿಯರ ಬಾಯಲ್ಲಿ ವನ್‌ಪೀಸ್. 900 ಯೆನ್. ಮನೆಗೆ ತಂದು ದೀಪದ ಕೆಳಗೆ ಹರಡಿ ನೋಡಿದೆ. ಎದೆಯ ಮೇಲೆ ಯೋಕ್, ಅಂದರೆ ಬೇರೆಯಾಗಿ ಕತ್ತರಿಸಿ ಸೇರಿಸಿದ ಮೇಲ್ಪಟ್ಟಿ, ಅದರಲ್ಲಿ ಹನ್ನೆರಡು ಪಿನ್‌ಟಕ್ಕುಗಳು, ಹೊಲಿದು ಕೂರಿಸಿದ ಸಣ್ಣ ಮಡಿಕೆಗಳು. ಯೋಕಿನ ಕೆಳಗೆ ತುಂಬ ನೆರಿಗೆ. ಒಳಗಿನ ಚೀಟಿಯಲ್ಲಿ ಹತ್ತಿ 55%, ನಾರಗಸೆ (ಲಿನನ್) 45% ಎಂದಿದೆ. ಒಣಗಿದ ತೂಕ 340 ಗ್ರಾಂ.

ದೋಷಗಳು ಇಷ್ಟು. ಬಲಗಡೆ ಜೇಬಿನ ಪಕ್ಕ 11 ಸೆಂ.ಮೀ. ಹರಿದಿದೆ, ಮೊಳೆಗೆ ಸಿಕ್ಕಿ ಎಳೆದ ಹಾಗೆ ಮೂಲೆಯಾಗಿ. ಎರಡೂ ಕಂಕುಳಲ್ಲಿ ಬಟ್ಟೆ ಸವೆದು ಬೆಳಕು ಹಾಯುತ್ತದೆ. ಕೊರಳಪಟ್ಟಿ ಹಳದಿಗಟ್ಟಿದೆ. ಕೆಳ ಅಂಚಿನ ಲೇಸು ಮಾತ್ರ ಹೊಚ್ಚ ಹೊಸದರಂತೆ ಬೆಳ್ಳಗೆ ಹೊಳೆಯುತ್ತಿದೆ, ಅದೇ ನನಗೆ ಅನುಮಾನ.

ಇದನ್ನು ಮೋರಿ ಗರ್ಲ್ ಎಂಬ ಜಪಾನಿ ಶೈಲಿಯ ಉಡುಪಾಗಿ ಎಬ್ಬಿಸಬೇಕು ಅನ್ನುವುದು ನನ್ನ ಆಸೆ. ಫೋನಿನಲ್ಲಿ ಅವ್ವನಿಗೆ ಹೇಳಿದಾಗ, "ಮೋರಿ ಅಂದ್ರ ಗಟಾರಲ್ಲೇನವಾ?" ಅಂದಳು. ಕನ್ನಡದ ಕಿವಿಗೆ ಹಾಗೇ ಕೇಳುತ್ತದೆ. ಜಪಾನಿಯಲ್ಲಿ ಮೋರಿ ಎಂದರೆ ಕಾಡು. ಮರ ಎಂಬ ಅಕ್ಷರವನ್ನು ಮೂರು ಸಲ ಬರೆದರೆ ಮೋರಿ. ಎರಡು ಸಲ ಬರೆದರೆ ಹಯಾಶಿ, ಅಂದರೆ ತೋಪು.

ಹೆಸರು ಹುಟ್ಟಿದ ಕತೆ ಚಿಕ್ಕದು. 2006ರಲ್ಲಿ ಚೋಕೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಹುಡುಗಿಗೆ ಗೆಳತಿಯೊಬ್ಬಳು, ನೀನು ಕಾಡಿನಲ್ಲಿ ಇರುವವಳ ಹಾಗೆ ಉಟ್ಟಿದ್ದೀ ಎಂಬರ್ಥದ ಮಾತು ಹೇಳಿದಳು. ಚೋಕೋ ಅದನ್ನೇ ಹಿಡಿದು ಮಿಕ್ಸಿ ಎಂಬ ಜಪಾನಿ ಜಾಲತಾಣದಲ್ಲಿ ಒಂದು ಗುಂಪು ಕಟ್ಟಿದಳು. ಮೋರಿ ಗರ್ಲ್ ಅಂದರೆ ಯಾರು ಎಂದು ಉದ್ದನೆಯ ಪಟ್ಟಿ ಬರೆದಿಟ್ಟಳು: ಸಡಿಲವಾದ ವನ್‌ಪೀಸ್, ಲೇಸು, ಹೆಣಿಗೆಯ ಬಟ್ಟೆ, ಪಾಂಚೋ, ದುಂಡು ಮೂತಿಯ ಚಪ್ಪಟೆ ಷೂ, ಕ್ಯಾಮೆರಾ ಹಿಡಿದು ಅಲೆಯುವುದು. ನಟಿ ಆಓಯಿ ಯೂ ಈ ಶೈಲಿಯ ಮುಖವಾದಳು. 2009, 2010ರ ಹೊತ್ತಿಗೆ ಪತ್ರಿಕೆಗಳ ತುಂಬ ಇದೇ.

ಇದರ ಅಕ್ಕತಂಗಿಯರೂ ಇದ್ದಾರೆ. ಕೇ ಅಂದರೆ ಶೈಲಿ. ಡಾಲಿ ಕೇ ಅಂದರೆ ಗ್ರಿಮ್ ಕತೆಗಳ ಪುಟದಿಂದ ಇಳಿದು ಬಂದ ಗೊಂಬೆಯ ಹಾಗೆ: ಮಖಮಲ್ಲು, ಪೂರ್ವ ಯುರೋಪಿನ ಕಸೂತಿ ರವಿಕೆ, ಕಂಬಳಿಯಂಥ ಬಟ್ಟೆಯ ಚೀಲ. ಶಿಬುಯಾದ ಗ್ರಿಮೊಯಿರ್ ಎಂಬ ಅಂಗಡಿ ಅದರ ತವರು. ಫೇರಿ ಕೇ ಅಂದರೆ ಮಿಠಾಯಿ ಬಣ್ಣಗಳು, 1980ರ ದಶಕದ ಆಟಿಕೆಗಳು. ಅದು ಬೆಳೆದದ್ದು ಸಯೂರಿ ತಬುಚಿ ಇದೇ ಕೋಎಂಜಿಯಲ್ಲಿ ನಡೆಸುತ್ತಿದ್ದ ಸ್ಪ್ಯಾಂಕ್ ಅಂಗಡಿಯಿಂದ. ಯಾಮಾ ಗರ್ಲ್ ಬೆಟ್ಟ ಹತ್ತುವವಳು, ನಿಜವಾಗಿಯೂ ಹತ್ತುವವಳು. ಎಲ್ಲವೂ ನನಗೆ ಇಷ್ಟ. ಆದರೆ ಮೋರಿ ಒಂದರಲ್ಲೇ ಹಳೇ ಬಟ್ಟೆ ತನ್ನ ವಯಸ್ಸನ್ನು ಮುಚ್ಚಿಡಬೇಕಿಲ್ಲ. ಅದಕ್ಕೇ ಈ ಹರಿದ ಫ್ರಾಕನ್ನು ಆರಿಸಿಕೊಂಡೆ.

ಅಕ್ಟೋಬರ್ 4, ಶನಿವಾರ

ಮೊದಲು ಪರೀಕ್ಷೆ. ಒಳಗಿನ ಮಡಿಕೆಯಿಂದ ಒಂದು ಎಳೆ ಬಿಚ್ಚಿ ಚಿಮಟದಲ್ಲಿ ಹಿಡಿದು ಸುಟ್ಟೆ. ಕಾಗದ ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. ಅಂದರೆ ಚೀಟಿ ಹೇಳಿದ್ದು ನಿಜ. ಲೇಸಿನ ಎಳೆ ಸುಟ್ಟಾಗ ಅದು ಮುದುಡಿ ಕರಗಿ ಗಟ್ಟಿ ಮಣಿಯಾಯಿತು. ಪಾಲಿಯೆಸ್ಟರ್. ಗಿಡದ ಬಣ್ಣ ಅದಕ್ಕೆ ಹತ್ತುವುದೇ ಇಲ್ಲ. ಲೇಸನ್ನು ಪೂರ್ತಿ ಬಿಚ್ಚಿ ತೆಗೆದಿಟ್ಟೆ.

ಹಳೇ ಬಟ್ಟೆಗೆ ನೇರವಾಗಿ ಬಣ್ಣ ಹಾಕಬಾರದು. ಯಾರ ಬೆವರೋ, ಯಾವ ಸಾಬೂನೋ, ಯಾವ ಮೆದುಕಾರಕವೋ ನೂಲಿನೊಳಗೆ ಕೂತಿರುತ್ತದೆ, ಅಲ್ಲೆಲ್ಲ ಬಣ್ಣ ಮಚ್ಚೆಮಚ್ಚೆಯಾಗುತ್ತದೆ. ಕೊರಳಪಟ್ಟಿಯ ಹಳದಿಗೆ ಆಮ್ಲಜನಕದ ಬ್ಲೀಚ್ ಪುಡಿಯನ್ನು 50 ಡಿಗ್ರಿಯ ನೀರಿನಲ್ಲಿ ಕಲಸಿ ಒಂದು ಗಂಟೆ ನೆನೆಸಿದೆ. ಕ್ಲೋರಿನ್ ಬ್ಲೀಚನ್ನು ನಾರಗಸೆಗೆ ಹಾಕಲು ನನಗೆ ಮನಸ್ಸಿಲ್ಲ, ಮೊದಲೇ ಸವೆದ ಎಳೆಗಳು ಇನ್ನೂ ಸೋಲುತ್ತವೆ. ಆಮೇಲೆ ಹತ್ತು ಲೀಟರಿನ ಸ್ಟೀಲ್ ಪಾತ್ರೆಯಲ್ಲಿ ಏಳು ಗ್ರಾಂ ವಾಷಿಂಗ್ ಸೋಡಾ, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಒಂದು ಗಂಟೆ ಸಣ್ಣ ಉರಿಯಲ್ಲಿ ಕುದಿಸಿದೆ.

ಕಣ್ಣಿಗೆ ಬೆಳ್ಳಗೇ ಕಾಣುತ್ತಿದ್ದ ಬಟ್ಟೆ. ನೀರು ಮಾತ್ರ ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿತು. ಆ ನೀರು ಚೆಲ್ಲಿ ಇನ್ನೊಮ್ಮೆ ಅದನ್ನೇ ಮಾಡಿದೆ. ಎರಡನೇ ಸಲ ನೀರು ತಿಳಿಯಾಗಿತ್ತು.

ಅಕ್ಟೋಬರ್ 12 ಮತ್ತು 13

ಸೋಮವಾರ ಕ್ರೀಡಾ ದಿನದ ರಜೆ. ಎರಡು ದಿನವೂ ಹೊಲಿಗೆಗೆ ಕೊಟ್ಟೆ.

ಬಣ್ಣ ಹಾಕುವ ಮೊದಲೇ ತೇಪೆ ಹಾಕಬೇಕು. ಮೂಲ ಬಟ್ಟೆ, ತೇಪೆ, ಹೊಲಿದ ದಾರ ಮೂರೂ ಒಂದೇ ನೀರಿನಲ್ಲಿ ಮುಳುಗಿದರೆ ಮೂರೂ ಒಂದೇ ಮನೆಯವಾಗುತ್ತವೆ. ತೇಪೆಗೆ ಡಬಲ್ ಗಾಝ್ ಆರಿಸಿದೆ, ಎರಡು ಪದರದ ಗಾಳಿಯಾಡುವ ಹತ್ತಿ, ಇಲ್ಲಿ ಕೂಸುಗಳ ಬಟ್ಟೆಗೆ ಬಳಸುತ್ತಾರೆ. ಸವೆದ ಜಾಗಕ್ಕೆ ಗಟ್ಟಿ ಬಟ್ಟೆ ಹಚ್ಚಿದರೆ ತೇಪೆಯ ಅಂಚಿನಲ್ಲೇ ಮತ್ತೆ ಹರಿಯುತ್ತದೆ. ತೇಪೆ ಯಾವಾಗಲೂ ಮೂಲಕ್ಕಿಂತ ಒಂದು ಕೂದಲೆಳೆ ಮೆತ್ತಗಿರಬೇಕು.

ಜಪಾನಿನಲ್ಲಿ ಸಾಶಿಕೋ ಅನ್ನುವ ಓಡುಹೊಲಿಗೆ ಇದೆ, ಬಡವರ ಬಟ್ಟೆಯನ್ನು ಪದರ ಸೇರಿಸಿ ಗಟ್ಟಿ ಮಾಡಲು ಹುಟ್ಟಿದ್ದು. ಅದನ್ನು ಇಲ್ಲಿಗೆ ಬಂದ ಮೇಲೆ ಕಲಿಯಲು ಕೂತಾಗ ಕೈ ತಾನೇ ಓಡಿತು. ಧಾರವಾಡದ ಕಡೆಯ ನಮ್ಮೂರಿನಲ್ಲಿ ಅಜ್ಜಿ ಕೌದಿ ಹೊಲಿಯುವಾಗ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಕೆಲಸವಾಗಿತ್ತು. ಹಳೇ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಹಾಸಿ, ಅಂಚಿನಿಂದ ಶುರು ಮಾಡಿ ಸುತ್ತುಸುತ್ತಾಗಿ ಒಳಗೆ ಹೋಗುತ್ತ ನಡುವಿನಲ್ಲಿ ಮುಗಿಸುವುದು ಅವಳ ಪದ್ಧತಿ. ಸಾಶಿಕೋದಲ್ಲಿ ಗೆರೆ ಎಳೆದು ಲೆಕ್ಕ ಹಾಕಿ ಹೊಲಿಯುತ್ತಾರೆ. ಅಜ್ಜಿ ಗೆರೆ ಎಳೆದವಳಲ್ಲ, ಹಿಂದಿನ ಸುತ್ತೇ ಮುಂದಿನ ಸುತ್ತಿಗೆ ಗೆರೆ.

ಜೇಬಿನ ಪಕ್ಕದ ಹರಕಿಗೆ ಅಜ್ಜಿಯ ಪದ್ಧತಿಯನ್ನೇ ಹಿಡಿದೆ. ಹರಿದ ತುದಿಗಳನ್ನು ಕತ್ತರಿಸಲಿಲ್ಲ. ಎಳೆಗಳನ್ನು ಸೂಜಿಮೊನೆಯಿಂದ ಒಂದಕ್ಕೊಂದು ಎದುರಾಗಿ ಜೋಡಿಸಿ, ಒಳಗಿನಿಂದ ಅಂಗೈಯಗಲದ ಗಾಝ್ ಇಟ್ಟು, ಬಿಳೀ ಹತ್ತಿ ದಾರದಲ್ಲಿ ಹೊರ ಅಂಚಿನಿಂದ ಸುತ್ತುತ್ತ ಬಂದೆ. ಸೂಜಿ ನಾಲ್ಕೈದು ಹೊಲಿಗೆ ಒಮ್ಮೆಗೇ ಎತ್ತುತ್ತದೆ, ಆಮೇಲೆ ದಾರ ಎಳೆಯುವುದು. ಪ್ರತಿ ಸಲ ಎಳೆದ ಮೇಲೆ ಹೆಬ್ಬೆರಳಿನಿಂದ ಬಟ್ಟೆಯನ್ನು ಹಿಂದಕ್ಕೆ ನೀವಬೇಕು, ಇಲ್ಲದಿದ್ದರೆ ಸುಕ್ಕು ನಿಲ್ಲುತ್ತದೆ. ಒಂಬತ್ತು ಸುತ್ತಿಗೆ ಹರಕು ಮುಚ್ಚಿತು. ಕಂಕುಳಿಗೆ ಒಳಗಿನಿಂದ ವಜ್ರಾಕಾರದ ತೇಪೆ. ತೋಳು ಎತ್ತಿದಾಗ ಬಟ್ಟೆ ಎಳೆಯುವುದು ಓರೆಯಾಗಿ, ಅದಕ್ಕೆ ತೇಪೆಯನ್ನೂ ಓರೆಯಾಗಿಯೇ ಕತ್ತರಿಸಿದೆ.

ಹರಕಿನ ಮೇಲೆ ಜಿಂಕೆಯದೋ ಅಣಬೆಯದೋ ಚಿತ್ರ ಹೊಲಿದು ಮುಚ್ಚಬಹುದಿತ್ತು. ಪತ್ರಿಕೆಗಳ ಕಾಲದಲ್ಲಿ ಮೋರಿ ಅಂದರೆ ಹೆಚ್ಚಾಗಿ ಅದೇ ಆಗಿಹೋಯಿತು, ಎದೆಯ ಮೇಲೆ ಅಳಿಲು, ಕೊರಳಲ್ಲಿ ಓಕ್ ಕಾಯಿ. ನನಗೆ ಅದು ಬೇಡ. ಕಾಡಿನ ಚಿತ್ರ ಅಂಟಿಸಿದ್ದರಿಂದ ಉಡುಪು ಕಾಡಿನದಾಗುವುದಿಲ್ಲ. ಬಟ್ಟೆ ಇಳಿಯುವ ರೀತಿ, ಗಾಳಿಗೆ ಅದು ತಡವಾಗಿ ಅಲುಗುವ ರೀತಿ, ಹತ್ತು ವರ್ಷ ಯಾರೋ ಉಟ್ಟು ಮೆತ್ತಗಾದ ನೂಲು, ಆಗುವುದಿದ್ದರೆ ಅವುಗಳಿಂದ ಆಗುತ್ತದೆ.

ಸೋಮವಾರ ಸಂಜೆ ಸೋಯಾ ಹಾಲಿನ ಕೆಲಸ. ರೇಷ್ಮೆ, ಉಣ್ಣೆಗೆ ಗಿಡದ ಬಣ್ಣ ಸಲೀಸಾಗಿ ಹಿಡಿಯುತ್ತದೆ, ಅವು ಪ್ರೋಟೀನಿನ ನಾರುಗಳು. ಹತ್ತಿ, ನಾರಗಸೆಗೆ ಆ ಗುಣವಿಲ್ಲ. ಅದಕ್ಕೆ ಇಲ್ಲಿನವರು ಸೋಯಾ ಕಾಳು ರುಬ್ಬಿ ಹಿಂಡಿದ ಹಾಲಿನಲ್ಲಿ ಬಟ್ಟೆಯನ್ನು ಅದ್ದಿ, ನೂಲಿನ ಮೇಲೆ ಪ್ರೋಟೀನಿನ ತೆಳು ಪದರ ಕೂರಿಸುತ್ತಾರೆ. ನಮ್ಮ ಕಡೆ ಬಣ್ಣಗಾರರು ಅಳಲೆಕಾಯಿ ನೀರಿನಲ್ಲಿ ಅದ್ದುವುದೂ ಇಂಥದೇ ಕಾರಣಕ್ಕೆ, ಅಲ್ಲಿ ಕೆಲಸ ಮಾಡುವುದು ಒಗರು. ಏನೂ ಬೆರೆಸದ ಸೋಯಾ ಹಾಲು ಒಂದು ಪಾಲು, ನೀರು ಒಂದು ಪಾಲು, ಅದರಲ್ಲಿ ಒಂದು ಗಂಟೆ. ಹಿಂಡಿದೆ. ಹೊರಗೆ ಮಳೆ, ಹಾಗಾಗಿ ಸ್ನಾನದ ಕೋಣೆಯಲ್ಲಿ ಹ್ಯಾಂಗರಿಗೆ ತೂಗುಹಾಕಿ ಮಲಗಿದೆ.

ಅದೇ ತಪ್ಪು. ಬೆಳಗಾಗುವಷ್ಟರಲ್ಲಿ ಹಾಲೆಲ್ಲ ಇಳಿದಿಳಿದು ಕೆಳ ಅಂಚಿಗೆ ಸೇರಿತ್ತು. ಒಣಗಿದಾಗ ಕಣ್ಣಿಗೆ ಗೊತ್ತಾಗಲಿಲ್ಲ, ಬೆರಳಿಗೆ ಗೊತ್ತಾಯಿತು: ಮೇಲೆ ಮೆತ್ತಗೆ, ಕೆಳಗೆ ಒಂದು ಗೇಣು ಗಂಜಿ ಹಾಕಿದ ಹಾಗೆ ಬಿರುಸು. ಇದನ್ನು ಅಡ್ಡಲಾಗಿ ಹರಡಿ, ಆಗಾಗ ತಿರುವಿ ಹಾಕಿ ಒಣಗಿಸಬೇಕು. ನೀವು ಮಾಡುವುದಾದರೆ ಮೊದಲು ವಾಷಿಂಗ್ ಮಷೀನಿನಲ್ಲಿ ಒಂದು ನಿಮಿಷ ಸ್ಪಿನ್ ಕೊಡಿ, ತೊಟ್ಟಿಕ್ಕುವಷ್ಟು ಹಾಲು ಉಳಿಯಬಾರದು.

ಅಕ್ಟೋಬರ್ 18, ಶನಿವಾರ

ಬಣ್ಣದ ದಿನ. ಬಟ್ಟೆಯಷ್ಟೇ ತೂಕದ ಒಣ ಈರುಳ್ಳಿ ಸಿಪ್ಪೆ ಬೇಕು. ಒಬ್ಬರ ಅಡುಗೆಯಲ್ಲಿ 340 ಗ್ರಾಂ ಸಿಪ್ಪೆ ಕೂಡಿಸಲು ವರ್ಷ ಹಿಡಿಯುತ್ತದೆ. ನಾನಿರುವ ನಿಶಿಕಸಾಯಿಯಲ್ಲಿ ಭಾರತದವರ ಮನೆಗಳೂ ಹೋಟೆಲುಗಳೂ ಬೇಕಾದಷ್ಟು. ಒಂದು ಹೋಟೆಲಿನ ಅಡುಗೆಯವರು ಎರಡು ವಾರ ಸಿಪ್ಪೆಯನ್ನು ಬೇರೆ ಚೀಲದಲ್ಲಿ ಹಾಕಿಟ್ಟು ಕೊಟ್ಟರು. ಯಾಕೆ ಎಂದು ಕೇಳಿದರು, ಬಟ್ಟೆಯ ಚಿತ್ರ ತೋರಿಸಿದೆ, ಮುಂದಿನ ಸಲ ಬಂದಾಗ ಎರಡು ಚೀಲ ಇತ್ತು.

ಗಿಡಗಳಿಂದ ಬಣ್ಣ ಹಾಕುವುದಕ್ಕೆ ಇಲ್ಲಿ ಕುಸಾಕಿಝೋಮೆ ಎನ್ನುತ್ತಾರೆ, ಹುಲ್ಲುಮರಗಳ ಬಣ್ಣ. ಕೆಲಸ ಸಾವಿರಾರು ವರ್ಷದ್ದು, ಹೆಸರು ಮಾತ್ರ ಈಚಿನದು. ರಾಸಾಯನಿಕ ಬಣ್ಣಗಳು ಬಂದು ಹಳೆಯದು ಮರೆಯಾಗುತ್ತಿದ್ದಾಗ ಲೇಖಕ ಯಾಮಾಝಾಕಿ ಅಕಿರಾ 1930ರಲ್ಲಿ ಇಟ್ಟದ್ದು.

ಸಿಪ್ಪೆಯನ್ನು ಎಂಟೂವರೆ ಲೀಟರ್ ನೀರಿನಲ್ಲಿ ನಲವತ್ತು ನಿಮಿಷ ಕುದಿಸಿ ಸೋಸಿದೆ. ನೀರು ಕೆಂಪು ಮಿಶ್ರಿತ ಕಂದು, ಬೆಲ್ಲದ ಪಾಕದಂತೆ. ನೆನೆಸಿ ಹಿಂಡಿದ ಫ್ರಾಕನ್ನು ಇಳಿಸಿ ಅರ್ಧ ಗಂಟೆ ಸಣ್ಣ ಉರಿಯಲ್ಲಿಟ್ಟು ಕೋಲಿನಿಂದ ಬಿಡದೆ ಆಡಿಸಿದೆ. ತೆಗೆದು ತೊಳೆದಾಗ ಮಂಕು ಕಂದುಬಣ್ಣ, ಏನೂ ಚೆಂದವಿಲ್ಲ. ಆಮೇಲೆ ಪಟಿಕದ ನೀರು. ಇಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ ಬದನೆ ಉಪ್ಪಿನಕಾಯಿಯ ಬಣ್ಣ ಕಾಯಲು ಸುಟ್ಟ ಪಟಿಕದ ಪುಡಿ ಮಾರುತ್ತಾರೆ. ಅದು 17 ಗ್ರಾಂ, ಅಂದರೆ ಬಟ್ಟೆಯ ತೂಕದ ಇಪ್ಪತ್ತರಲ್ಲೊಂದು ಪಾಲು. ನಮ್ಮೂರಿನ ಗಟ್ಟಿ ಪಟಿಕವಾದರೆ ಹೆಚ್ಚುಕಡಿಮೆ ಎರಡರಷ್ಟು ಬೇಕು, ಅದರಲ್ಲಿ ಅರ್ಧದಷ್ಟು ತೂಕ ನೀರಿನದೇ.

ಪಟಿಕದ ನೀರಿಗೆ ಬಟ್ಟೆ ಇಳಿಸಿದ ಗಳಿಗೆಯನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಮಂಕು ಕಂದು ಒಳಗಿನಿಂದ ದೀಪ ಹಚ್ಚಿದಂತೆ ಹಳದಿಗೆ ತಿರುಗುತ್ತದೆ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಎಂಬ ಬಣ್ಣದ ಅಂಶ ಪಟಿಕದ ಅಲ್ಯುಮಿನಿಯಂ ಜತೆ ಕೂಡಿ ನೂಲಿಗೆ ಅಂಟಿಕೊಳ್ಳುವ ಗಳಿಗೆ ಅದು. ಅರ್ಧ ಗಂಟೆ ಬಿಟ್ಟು, ತೊಳೆದು, ಮತ್ತೆ ಸಿಪ್ಪೆಯ ನೀರಿನಲ್ಲಿ ಅರ್ಧ ಗಂಟೆ. ಗಟ್ಟಿ ಸಾಸಿವೆ ಹಳದಿ ಬಂತು.

ಹೆದರಿದ ಹಾಗೇ ಕೆಳಗಿನ ಒಂದು ಗೇಣು ಉಳಿದದ್ದಕ್ಕಿಂತ ಗಾಢ, ನಡುವೆ ಅಲೆಯಂತೆ ಅಂಕುಡೊಂಕು ಗೆರೆ. ಇನ್ನೊಂದು ವಿಷಯ ನಾನು ಎಣಿಸಿರಲಿಲ್ಲ. ಕಾರ್ಖಾನೆಯ ಹೊಲಿಗೆಯೆಲ್ಲ ಪಾಲಿಯೆಸ್ಟರ್ ದಾರ. ಬಟ್ಟೆ ಹಳದಿಯಾಗಿದೆ, ಯೋಕಿನ ಸುತ್ತ, ತೋಳಿನ ಪಟ್ಟಿಗೆ, ಪಿನ್‌ಟಕ್ಕುಗಳ ಉದ್ದಕ್ಕೂ ಮಷೀನ್ ಹೊಲಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದಂತೆ ಬೆಳ್ಳಗೆ ಎದ್ದು ಕೂತಿದೆ. ಜೇಬಿನ ಪಕ್ಕದ ತೇಪೆಯ ಹತ್ತಿರ ಕಣ್ಣು ಒಯ್ದೆ. ನನ್ನ ಒಂಬತ್ತು ಸುತ್ತಿನ ಹತ್ತಿ ದಾರ ಬಟ್ಟೆಗಿಂತ ಒಂದು ಛಾಯೆ ಗಾಢವಾಗಿ, ಬಟ್ಟೆಯದೇ ನರಗಳ ಹಾಗೆ ಒಳಗೆ ಸೇರಿಹೋಗಿತ್ತು. ತೇಪೆ ಹಾಕಿದ ಜಾಗ ಬಟ್ಟೆಯ ಜತೆ ಒಂದಾಗಿದೆ, ಮೂಲ ಹೊಲಿಗೆಯೇ ಹೊರಗಿನದಾಗಿ ಕಾಣುತ್ತಿದೆ. ಬಹಳ ಹೊತ್ತು ಅದನ್ನೇ ನೋಡುತ್ತ ಕೂತೆ.

ಸಿಪ್ಪೆಯ ನೀರು ಇನ್ನೂ ಬಿಸಿಯಿತ್ತು. ಒಂದು ಲಡಿ ಹತ್ತಿ ದಾರ ತೊಳೆದು ಅದೇ ನೀರಿಗೆ, ಅದೇ ಪಟಿಕಕ್ಕೆ ಹಾಕಿ ತೆಗೆದೆ. ಮುಂದಿನ ವಾರವಿಡೀ ರಾತ್ರಿ ಊಟವಾದ ಮೇಲೆ ಒಂದು ಗಂಟೆ, ಕಣ್ಣಿಗೆ ಕಾಣುವ ಬಿಳಿ ಹೊಲಿಗೆಯನ್ನು ನಾಲ್ಕು ಬೆರಳಿನಷ್ಟೇ ಬಿಚ್ಚುವುದು, ಅಷ್ಟನ್ನು ಕೈಯಲ್ಲಿ ಹೊಲಿಯುವುದು, ಮತ್ತೆ ನಾಲ್ಕು ಬೆರಳು. ಒಮ್ಮೆಗೇ ಬಿಚ್ಚಿದರೆ ನೆರಿಗೆಯ ಹಿಡಿತ ತಪ್ಪುತ್ತದೆ. ಹನ್ನೆರಡು ಪಿನ್‌ಟಕ್ಕಿಗೇ ಮೂರು ರಾತ್ರಿ ಹೋಯಿತು. ಒಳಗಿನ ಹೊಲಿಗೆಗಳನ್ನು ಹಾಗೇ ಬಿಟ್ಟೆ.

ಅಕ್ಟೋಬರ್ 26, ಭಾನುವಾರ

ಹಳದಿ ನನಗೆ ಒಪ್ಪಿಗೆಯಾಗಲಿಲ್ಲ. ಹರಾಜುಕು ಸ್ಟೇಷನ್ನಿಗೆ ಹೋದೆ, ಬೀದಿಯ ಕಡೆ ಅಲ್ಲ, ಅದರ ಬೆನ್ನಿಗಿರುವ ಮೆಯಿಜಿ ದೇಗುಲದ ಕಾಡಿನ ಕಡೆಗೆ. ಒಂದು ಬದಿಗೆ ಶೋಇಚಿ ಆಓಕಿ 1997ರಿಂದ ಇಪ್ಪತ್ತು ವರ್ಷ ತಮ್ಮ ಫ್ರೂಟ್ಸ್ ಪತ್ರಿಕೆಗಾಗಿ ಹುಡುಗ ಹುಡುಗಿಯರ ಉಡುಪಿನ ಚಿತ್ರ ತೆಗೆದ ಬೀದಿಗಳು, ಇನ್ನೊಂದು ಬದಿಗೆ 70 ಹೆಕ್ಟೇರಿನ ಕತ್ತಲೆ ಕಾಡು. ಆ ಕಾಡೂ ಕೈಯಿಂದಲೇ ಆದದ್ದು. ದೇಗುಲ 1920ರಲ್ಲಿ ಸ್ಥಾಪನೆಯಾಯಿತು, ದೇಶದ ಮೂಲೆಮೂಲೆಯಿಂದ ಜನ ಕಳಿಸಿದ ಸುಮಾರು ಒಂದು ಲಕ್ಷ ಗಿಡಗಳನ್ನು ಬಯಲಿನಲ್ಲಿ ನೆಟ್ಟರು. ಅರಣ್ಯ ತಜ್ಞ ಹೋಂಡಾ ಸೆಯಿರೋಕು ಮತ್ತು ಸಂಗಡಿಗರು ನೂರು ವರ್ಷದ ಮೇಲೆ ತಾನೇ ಬಿತ್ತಿಕೊಂಡು ಬೆಳೆಯುವ ಕಾಡಿಗೆ ನಕ್ಷೆ ಹಾಕಿದ್ದರು. ದಾರಿಯಲ್ಲಿ ಬಿದ್ದ ಎಲೆಯನ್ನು ಗುಡಿಸಿ ಮತ್ತೆ ಮರಗಳ ಬುಡಕ್ಕೇ ಹಾಕುತ್ತಾರೆ. ಮೋರಿ ಗರ್ಲ್ ನಗರದವರ ಕಲ್ಪನೆಯ ಕಾಡು ಎಂದು ಹಗುರವಾಗಿ ಹೇಳುವವರಿದ್ದಾರೆ. ಈ ಮರಗಳ ಕೆಳಗೆ ನಿಂತರೆ ಆ ಮಾತಿಗೆ ತೂಕ ಬರುವುದಿಲ್ಲ. ಅಕ್ಕರೆಯಿಂದ ಕಟ್ಟಿದ್ದೂ ಕಾಡಾಗುತ್ತದೆ.

ನಾನು ಹೋದದ್ದು ಬಣ್ಣ ಹೋಲಿಸಲು. ಕತ್ತರಿಸಿದ ಹಳದಿ ತುಂಡೊಂದು ಕೈಯಲ್ಲಿತ್ತು. ಕರ್ಪೂರದ ಮರ, ಶೀ ಮರ, ಕಾಶಿ ಮರ, ಇವೆಲ್ಲ ನಿತ್ಯಹಸಿರು. ಶರತ್ಕಾಲ ಬಂದರೂ ಈ ಕಾಡು ಹಳದಿಯಾಗುವುದಿಲ್ಲ. ತೊಗಟೆಯ ಉತ್ತರದ ಬದಿಗೆ ಪಾಚಿ, ಅದರ ಕೆಳಗೆ ಒದ್ದೆ ಮಣ್ಣು, ಮಣ್ಣಿನ ಮೇಲೆ ಕಳೆದ ವರ್ಷದ ಎಲೆ. ನನ್ನ ಸಾಸಿವೆ ತುಂಡನ್ನು ತೊಗಟೆಯ ಎದುರು ಹಿಡಿದಾಗ ಅದು ಅಲ್ಲಿಯದಲ್ಲ ಎಂದು ಸ್ಪಷ್ಟವಾಯಿತು. ಕೆಳಗಿನಿಂದ ಕಪ್ಪು ಹಸಿರು ಏರಿ ಬರಬೇಕು, ಮೇಲೆ ಮಾತ್ರ ಹಳದಿ, ಎಲೆಗಳ ನಡುವೆ ಬಿಸಿಲು ಇಳಿದಷ್ಟು. ಅಂಕುಡೊಂಕು ಗೆರೆಗೂ ಅದೇ ಮದ್ದು.

ನವೆಂಬರ್ 1, ಶನಿವಾರ

ಕಬ್ಬಿಣದ ನೀರು. ತುಕ್ಕು ಹಿಡಿದ ಮೊಳೆಗಳನ್ನು ವಿನಿಗರ್ ಮತ್ತು ನೀರು ಸಮಪಾಲಿನಲ್ಲಿ ಹಾಕಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಒಂದು ವಾರ ಇಟ್ಟಿದ್ದೆ. ಇದಕ್ಕೆ ಬೇರೆ ಪಾತ್ರೆ, ಬೇರೆ ಕೋಲು, ಬೇರೆ ಕೈಗವಸು. ಒಂದು ಹನಿ ಕಬ್ಬಿಣ ಬೇರೆ ಪಾತ್ರೆಗೆ ಹೋದರೆ ಮುಂದಿನ ಎಲ್ಲ ಹಳದಿಯೂ ಮಂಕು. ಜಾಸ್ತಿ ಕಬ್ಬಿಣ ನೂಲನ್ನೇ ತಿನ್ನುತ್ತದೆ, ವರ್ಷಗಳ ಮೇಲೆ ಬಟ್ಟೆ ಅಲ್ಲೇ ಪುಡಿಯಾಗುತ್ತದೆ. ಹಾಗಾಗಿ ಐದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಮಿ.ಲೀ. ಮಾತ್ರ.

ಫ್ರಾಕನ್ನು ಪೂರ್ತಿ ಒದ್ದೆ ಮಾಡಿ, ಭುಜ ಹಿಡಿದು ಕೆಳಗಿನ ಹತ್ತು ಸೆಂ.ಮೀ. ಮುಳುಗಿಸಿದೆ. ಹಳದಿ ಕಣ್ಣೆದುರೇ ಹಸಿರಾಗಿ, ಹಸಿರು ಪಾಚಿಯಾಗಿ, ಪಾಚಿ ಕಪ್ಪಿಗೆ ಹತ್ತಿರವಾಯಿತು. ಮೇಲೆ ಕೆಳಗೆ ಆಡಿಸುತ್ತ, ಪ್ರತಿ ಅರ್ಧ ನಿಮಿಷಕ್ಕೆ ಎರಡು ಬೆರಳು ಇನ್ನಷ್ಟು ಇಳಿಸುತ್ತ ಹೋದೆ. ಕೈ ನಿಲ್ಲಿಸಿದರೆ ಗೆರೆ ಬೀಳುತ್ತದೆ. ನಾಲ್ಕು ನಿಮಿಷಕ್ಕೆ ಜೇಬಿನ ಮಟ್ಟ ತಲುಪಿತು, ಅಲ್ಲಿಗೆ ಎತ್ತಿ ತಣ್ಣೀರಿನಲ್ಲಿ ತೊಳೆದೆ. ಅಂಕುಡೊಂಕು ಗೆರೆ ಪಾಚಿಯ ಒಳಗೆ ಕರಗಿಹೋಗಿದೆ. ಜೇಬಿನ ತೇಪೆ ಸರಿಯಾಗಿ ಹಳದಿ ಹಸಿರಾಗುವ ಜಾಗದಲ್ಲಿ ಬಂದಿದೆ.

ನವೆಂಬರ್ 8, ಶನಿವಾರ

ನಿಪ್ಪೋರಿಯ ಬಟ್ಟೆ ಬೀದಿ. ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೂ ಬಟ್ಟೆ, ಗುಂಡಿ, ಲೇಸು. ಭಾನುವಾರ ಬಹಳ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಹೋಗಿ. ಎರಡು ಮೀಟರ್ ಬಿಳೀ ಡಬಲ್ ಗಾಝ್, ನಾಲ್ಕು ಮೀಟರ್ ಟಾರ್ಶನ್ ಲೇಸು ಕೊಂಡೆ. ಟಾರ್ಶನ್ ಎಂದರೆ ದಪ್ಪ ಹತ್ತಿ ದಾರದ, ಬಲೆಯಂಥ ಸರಳ ಲೇಸು. ನೈಲಾನ್ ಲೇಸಿನ ಮಿರುಗು ಇದಕ್ಕಿಲ್ಲ, ಬಳಸಿದಷ್ಟೂ ಮೆತ್ತಗಾಗುತ್ತದೆ.

ಗಾಝಿನಿಂದ ಒಳಲಂಗ. ಉದ್ದ ಫ್ರಾಕಿಗಿಂತ ಆರು ಸೆಂ.ಮೀ. ಹೆಚ್ಚು. ಮೋರಿಯಲ್ಲಿ ಪದರಗಳ ಉದ್ದ ಬೇರೆ ಬೇರೆ ಇರಬೇಕು, ಎರಡು ಅಂಚು ಒಂದೇ ಮಟ್ಟಕ್ಕೆ ಬಂದರೆ ಸಮವಸ್ತ್ರದಂತೆ ಕಾಣುತ್ತದೆ. ಲೇಸನ್ನು ಕರಿ ಚಹಾದಲ್ಲಿ ಇಪ್ಪತ್ತು ನಿಮಿಷ ನೆನೆಸಿ ಹಳೇ ಕಾಗದದ ಬಣ್ಣಕ್ಕೆ ತಂದೆ. ಒಣಗಲು ಹಾಕಿದ್ದು ಬಾಲ್ಕನಿಯ ಕೋಲಿಗೆ, ಮತ್ತೊಮ್ಮೆ ತೊಳೆದು ಹಾಕಿದ್ದ ಫ್ರಾಕಿನ ಪಕ್ಕಕ್ಕೆ. ಗಾಳಿಗೆ ಫ್ರಾಕಿನ ಒದ್ದೆ ಅಂಚು ಲೇಸಿಗೆ ಬಡಿಯಿತು. ಮಧ್ಯಾಹ್ನ ನೋಡಿದರೆ ಲೇಸಿನ ಅರ್ಧ ಮೀಟರಿನಷ್ಟು ಉದ್ದಕ್ಕೆ ಬೂದು ಚುಕ್ಕೆಗಳು. ಚಹಾದ ಒಗರು, ಕಬ್ಬಿಣ ಸೇರಿದರೆ ಶಾಯಿಯಾಗುತ್ತದೆ, ಹಿಂದಿನ ಕಾಲದಲ್ಲಿ ಶಾಯಿ ಮಾಡುತ್ತಿದ್ದದ್ದೂ ಹಾಗೇ. ಕಬ್ಬಿಣದ ಬಟ್ಟೆಯನ್ನು ಇನ್ನೆರಡು ನೀರಿನಲ್ಲಿ ತೊಳೆಯಬೇಕಿತ್ತು. ಅಷ್ಟು ಉದ್ದ ಕತ್ತರಿಸಿ ತೆಗೆದೆ. ಉಳಿದ ಮೂರೂವರೆ ಮೀಟರಿಗೆ ನೆರಿಗೆ ಸ್ವಲ್ಪ ತೆಳುವಾಯಿತು, ಆದರೆ ಸುತ್ತು ತುಂಬಿತು.

ಮುಂದಿನ ವಾರ ಗಾಮಾಗುಚಿ ಚೀಲ. ಗಾಮಾ ಎಂದರೆ ನೆಲಗಪ್ಪೆ, ಗುಚಿ ಎಂದರೆ ಬಾಯಿ. ಲೋಹದ ಬಾಯಿಯ ಚೌಕಟ್ಟು, ಅದರ ತೋಡಿನೊಳಗೆ ಬಟ್ಟೆ ತುರುಕಿ, ಕಾಗದದ ಹುರಿಯನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಒತ್ತಿ ಬಿಗಿಯುವುದು. ಬಿಚ್ಚಿದ ಪಾಲಿಯೆಸ್ಟರ್ ಲೇಸನ್ನು ಒಳಜೇಬಿಗೆ ಹಚ್ಚಿದೆ. ಮೊದಲ ಸಲ ಹೊರಬಟ್ಟೆ, ಕ್ಯಾನ್ವಾಸ್, ಅಸ್ತರು ಮೂರೂ ಸೇರಿ ದಪ್ಪವಾಗಿ, ಅಂಟು ಒಣಗಿದ ಮೇಲೂ ಮೂಲೆ ಕಳಚಿಬಂತು. ಬಾಯಿಯ ಹತ್ತಿರ ಒಂದು ಸೆಂ.ಮೀ. ಕ್ಯಾನ್ವಾಸ್ ಕತ್ತರಿಸಿ ತೆಗೆದ ಮೇಲೆ ಸರಿಯಾಗಿ ಕೂತಿತು. ಮುಚ್ಚುವಾಗ ಬರುವ ಪಟ್ ಎಂಬ ಸದ್ದು ತುಂಬ ಚೆಂದ.

ನವೆಂಬರ್ 24, ಸೋಮವಾರ, ರಜೆ

ಉಟ್ಟೆ. ಕೊರಳು ಮುಚ್ಚುವ ಕೆನೆ ಬಣ್ಣದ ಹತ್ತಿ ರವಿಕೆ, ಒಳಲಂಗ, ಫ್ರಾಕು, ಮೇಲೆ ಕಂದು ಉಣ್ಣೆಯ ತೋಳಿಲ್ಲದ ಅಂಗಿ, ದಪ್ಪ ಕಾಲುಚೀಲ, ದುಂಡು ಮೂತಿಯ ಹಳೇ ಚರ್ಮದ ಷೂ. ಬೆಲ್ಟು ಹಾಕಲಿಲ್ಲ, ಸೊಂಟ ಹಿಡಿದರೆ ನೆರಿಗೆ ಸಾಯುತ್ತದೆ. ನಡೆದಾಗ ಫ್ರಾಕು ಮುಂದೆ, ಗಾಝಿನ ಒಳಲಂಗ ಅರೆಕ್ಷಣ ತಡವಾಗಿ ಹಿಂದೆ ಬರುತ್ತದೆ. ನನಗೆ ಬೇಕಿದ್ದದ್ದು ಅದೇ ಅರೆಕ್ಷಣ.

ಕಿಚಿಜೋಜಿಗೆ ಹೋಗಿ, ಇನೋಕಾಶಿರಾ ಉದ್ಯಾನ ದಾಟಿ, ತಾಮಾಗಾವಾ ಜೋಸುಯಿ ಕಾಲುವೆಯ ಪಕ್ಕದ ಮಣ್ಣಿನ ದಾರಿ ಹಿಡಿದೆ. 1653ರಲ್ಲಿ ಎದೋ ಪಟ್ಟಣಕ್ಕೆ, ಅಂದರೆ ಈಗಿನ ಟೋಕಿಯೊಗೆ, ಕುಡಿಯುವ ನೀರು ತರಲು ತೋಡಿದ ಕಾಲುವೆ ಇದು, ಹಾಮುರಾದಿಂದ ಯೋತ್ಸುಯಾವರೆಗೆ 43 ಕಿಲೋಮೀಟರ್. ಎರಡೂ ದಡದಲ್ಲಿ ಕುನುಗಿ, ಕೋನಾರಾ ಮರಗಳು, ಕಾಲಡಿ ಓಕ್ ಕಾಯಿಗಳು. ಕಾಲುವೆಗೆ ಬಾಗಿ ನೀರು ನೋಡಲು ಹುಲ್ಲಿನ ಪಕ್ಕ ನಿಂತೆ.

ಮನೆಗೆ ಬಂದು ಲಂಗ ಬಿಚ್ಚಿದಾಗ ಲೇಸಿನ ತುಂಬ ಬೀಜ. ಸಣ್ಣ, ಕಂದು, ಎರಡು ಮುಳ್ಳಿನ ಬೀಜಗಳು ಟಾರ್ಶನ್ನಿನ ಕಣ್ಣುಕಣ್ಣಿಗೂ ಕಚ್ಚಿಕೊಂಡಿದ್ದವು. ಇಲ್ಲಿ ಇದಕ್ಕೆ ಇನೋಕೋಝುಚಿ ಎನ್ನುತ್ತಾರೆ. ಹೆಸರು ಹುಡುಕಿ ನೋಡಿದರೆ ನಮ್ಮ ಉತ್ತರಾಣಿಯ ಕುಲದ್ದೇ ಗಿಡ, ಹೊಲದ ಬದುವಿನಲ್ಲಿ ಅವ್ವನ ಸೀರೆಯ ಅಂಚಿಗೆ ಹತ್ತುತ್ತಿದ್ದ ಅದೇ ಉತ್ತರಾಣಿ. ಚಿತ್ರ ತೆಗೆದು ಅವ್ವನಿಗೆ ಕಳಿಸಿ, ಚಿಮಟ ಹಿಡಿದು ಒಂದೊಂದಾಗಿ ಕೀಳುತ್ತ ಕೂತೆ. ನಲವತ್ತೊಂದು ಬೀಜ. ಕೊನೆಯದರ ಜತೆ ಲೇಸಿನ ಒಂದು ಎಳೆ ಕಿತ್ತು ಬಂತು. ಹಳದಿ ದಾರದ ಲಡಿ ಇನ್ನೂ ಉಳಿದಿದೆ, ಸೂಜಿಗೆ ಪೋಣಿಸಿಟ್ಟಿದ್ದೇನೆ.